ಒಂದು ಅರ್ಜಿಯ ಹಿಂದಿನ ಚರಿತ್ರೆ

ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಮನಶ್ಶಾಸ್ತ್ರ ಓದಿದ ಹುಡುಗಿಯೊಬ್ಬಳಿದ್ದಾಳೆ ಎಂದು ಇಟ್ಟುಕೊಳ್ಳಿ. ರಾತ್ರಿಯ ಊಟ ಮುಗಿದಿದೆ, ವಾರ್ತೆ ಮುಗಿದಿದೆ, ರೇಡಿಯೋ ನಿಂತಿದೆ. ಅವಳು ಮಾತ್ರ ದೀಪದ ಕೆಳಗೆ ಕುಳಿತು, ಅಮೆರಿಕದ ವಿಶ್ವವಿದ್ಯಾನಿಲಯವೊಂದಕ್ಕೆ ಅರ್ಜಿ ಬರೆಯುತ್ತಿದ್ದಾಳೆ. ಚಿಕಿತ್ಸಾ ಮನಶ್ಶಾಸ್ತ್ರದಲ್ಲಿ, ಎಂದರೆ ಕ್ಲಿನಿಕಲ್ ಸೈಕಾಲಜಿಯಲ್ಲಿ, ಡಾಕ್ಟರೇಟ್ ಮಾಡಬೇಕೆಂದು ಅವಳ ಆಸೆ. ಅರ್ಜಿಯಲ್ಲಿ ಕೇಳಿರುವುದು ಬಹಳ. ಯಾವ ಸಂಶೋಧನೆ ಮಾಡಿದ್ದೀರಿ? ಯಾವ ಪ್ರಾಧ್ಯಾಪಕರ ಬಳಿ ಕೆಲಸ ಮಾಡಲು ಇಷ್ಟ, ಏಕೆ? ರೋಗಿಗಳ ನಡುವೆ, ಹಿರಿಯರ ಕಣ್ಗಾವಲಿನಲ್ಲಿ, ಏನು ಅನುಭವ ಪಡೆದಿದ್ದೀರಿ? ನಿಮ್ಮನ್ನು ಚೆನ್ನಾಗಿ ಬಲ್ಲ ಮೂವರು ಯಾರು? ಹುಡುಗಿ ಲೇಖನಿ ಕೆಳಗಿಟ್ಟು ನಿಮ್ಮನ್ನು ಕೇಳುತ್ತಾಳೆ: "ನೊಂದವರಿಗೆ ನೆರವಾಗಬೇಕೆಂಬುದು ನನ್ನ ಆಸೆ. ಅದಕ್ಕೆ ಇಷ್ಟೆಲ್ಲ ಏಕೆ?"

ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ ಅರ್ಜಿಯ ಕಾಗದದಲ್ಲಿ ದೊರೆಯುವುದಿಲ್ಲ, ಚರಿತ್ರೆಯಲ್ಲಿ ದೊರೆಯುತ್ತದೆ. ಆ ಪ್ರಶ್ನೆಗಳಲ್ಲಿ ಒಂದೊಂದರ ಹಿಂದೆಯೂ ಒಂದು ಅಭಾವವೋ, ಒಂದು ವಾದವೋ, ಒಂದು ಅನ್ಯಾಯವೋ ಇದೆ. ಆ ಕಥೆಯನ್ನು ಬಲ್ಲವರಿಗೆ ಅರ್ಜಿ ಅಷ್ಟು ಭಯಂಕರವಾಗಿ ಕಾಣುವುದಿಲ್ಲ.

ಕಥೆ ಆರಂಭವಾಗುವುದು ಒಬ್ಬ ಶಾಲಾ ಹುಡುಗನಿಂದ. ೧೮೯೬ರ ಮಾರ್ಚ್ ತಿಂಗಳಲ್ಲಿ ಫಿಲಡೆಲ್ಫಿಯಾ ನಗರದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯಕ್ಕೆ ಮಾರ್ಗರೆಟ್ ಮಗೈರ್ ಎಂಬ ಉಪಾಧ್ಯಾಯಿನಿ ಹದಿನಾಲ್ಕು ವರ್ಷದ ಬಾಲಕನೊಬ್ಬನನ್ನು ಕರೆತಂದರು. ಹುಡುಗ ದಡ್ಡನಲ್ಲ, ಆದರೆ ಕಾಗುಣಿತ ಮಾತ್ರ ಅವನಿಗೆ ಒಲಿಯದು. ಈಕೆ ಅಲ್ಲಿಯೇ ಲೈಟ್ನರ್ ವಿಟ್ಮರ್ ಎಂಬ ತರುಣ ಪ್ರಾಧ್ಯಾಪಕರ ತರಗತಿಗೆ ಹೋಗುತ್ತಿದ್ದವರು. ಮನಸ್ಸಿನ ಶಾಸ್ತ್ರ ಎನ್ನುತ್ತೀರಲ್ಲ, ಈ ಮಗುವಿಗೆ ಅದರಿಂದ ಏನಾದರೂ ಉಪಯೋಗವುಂಟೆ ಎಂಬುದು ಆಕೆ ತಂದ ಪ್ರಶ್ನೆ. ವಿಟ್ಮರ್ ಆಗ ಮೂವತ್ತು ತುಂಬದವರು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಅವರ ಬಳಿ ಡಾಕ್ಟರೇಟ್ ಮುಗಿಸಿ ಬಂದಿದ್ದರು. ೧೮೭೯ರಲ್ಲಿ ಸ್ಥಾಪಿತವಾದ ವುಂಟ್ ಅವರ ಪ್ರಯೋಗಶಾಲೆಯಲ್ಲಿ ಕಲಿಸುತ್ತಿದ್ದುದು ಇಂದ್ರಿಯಗಳ ಸೂಕ್ಷ್ಮವನ್ನು ಅಳೆಯುವ ವಿದ್ಯೆ. ಮಕ್ಕಳ ಕಷ್ಟ ಬಿಡಿಸುವುದನ್ನಲ್ಲ. ಆದರೂ ವಿಟ್ಮರ್ ಹುಡುಗನನ್ನು ಪರೀಕ್ಷಿಸಿದರು. ಕಣ್ಣಿನಲ್ಲಿ ದೋಷವಿದ್ದುದು ಕಂಡುಬಂದಿತು. ಕನ್ನಡಕ ಬಂದಿತು, ಅದರೊಡನೆ ತಾಳ್ಮೆಯ ಪಾಠವೂ ನಡೆಯಿತು, ಹುಡುಗ ಓದುವುದರಲ್ಲಿ ಸುಧಾರಿಸಿದ.

ಅದೇ ವರ್ಷ ವಿಟ್ಮರ್ ತಮ್ಮ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಚಿಕಿತ್ಸಾಲಯವೊಂದನ್ನು ತೆರೆದರು. ಜಗತ್ತಿನಲ್ಲಿ ಇಂಥದು ಅದೇ ಮೊದಲು ಎಂದು ಎಣಿಕೆ. ೧೯೦೭ರಲ್ಲಿ ಪತ್ರಿಕೆಯೊಂದನ್ನು ಆರಂಭಿಸಿ, ಈ ಹೊಸ ವಿದ್ಯೆಗೆ ಚಿಕಿತ್ಸಾ ಮನಶ್ಶಾಸ್ತ್ರವೆಂದು ಹೆಸರಿಟ್ಟರು. ಇಲ್ಲಿ ಒಂದು ಮಾತನ್ನು ಗಮನಿಸಿ. ಹುಡುಗನಿಗೆ ನೆರವಾದದ್ದು ಪ್ರಾಧ್ಯಾಪಕರ ಕರುಣೆ ಮಾತ್ರವಲ್ಲ. ಕರುಣೆಯಿಂದ ಉಪಾಧ್ಯಾಯಿನಿ ಕರೆತಂದರು. ಅಳೆದು ನೋಡುವ ಅಭ್ಯಾಸದಿಂದ ಪ್ರಾಧ್ಯಾಪಕರು ಕಾರಣ ಕಂಡುಕೊಂಡರು. ಎರಡೂ ಸೇರಿದ ಮೇಲೆಯೇ ಕನ್ನಡಕ ಬಂದದ್ದು. ನಮ್ಮ ಹುಡುಗಿಯ ಕೈಯಲ್ಲಿರುವ ಅರ್ಜಿಯ ಮೂಲಬೀಜ ಇದೇ.

ಆದರೆ ಆ ಕಾಲದಲ್ಲಿ ಡಾಕ್ಟರೇಟಿನ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಮೇರಿ ವಿಟನ್ ಕಾಲ್ಕಿನ್ಸ್ ಎಂಬ ಮಹಿಳೆ ಹಾರ್ವರ್ಡ್‌ನಲ್ಲಿ ಅತಿಥಿಯಾಗಿ ಪಾಠ ಕೇಳಲು ಅನುಮತಿ ಪಡೆದು, ವಿಲಿಯಂ ಜೇಮ್ಸ್ ಮೊದಲಾದವರ ಬಳಿ ಓದಿ, ೧೮೯೫ರಲ್ಲಿ ಡಾಕ್ಟರೇಟಿಗೆ ಬೇಕಾದುದನ್ನೆಲ್ಲ ಪೂರೈಸಿದರು. ಪರೀಕ್ಷಿಸಿದ ಪ್ರಾಧ್ಯಾಪಕರೇ ಪದವಿ ಕೊಡಬೇಕೆಂದು ಶಿಫಾರಸು ಮಾಡಿದರು. ಹೆಂಗಸೆಂಬ ಕಾರಣಕ್ಕೆ ಹಾರ್ವರ್ಡ್ ಕೊಡಲಿಲ್ಲ. ಮುಂದೆ ೧೯೦೨ರಲ್ಲಿ, ಹಾರ್ವರ್ಡ್ ಹೆಸರಿನಲ್ಲಲ್ಲ, ಅದರ ಜೊತೆಯ ಮಹಿಳಾ ಕಾಲೇಜಿನ ಹೆಸರಿನಲ್ಲಿ ಪದವಿ ಕೊಡುತ್ತೇವೆಂದಾಗ ಆಕೆ ಬೇಡವೆಂದರು. ೧೯೦೫ರಲ್ಲಿ ಅದೇ ಕಾಲ್ಕಿನ್ಸ್ ಅಮೆರಿಕನ್ ಮನಶ್ಶಾಸ್ತ್ರ ಸಂಘದ ಅಧ್ಯಕ್ಷೆಯಾದರು. ಪದವಿಯಿಲ್ಲದ ಪಂಡಿತೆ ಪದವೀಧರರ ಸಭೆಗೆ ಅಧ್ಯಕ್ಷೆ!

ಬಣ್ಣದ ಬಾಗಿಲು ಇನ್ನೂ ಬಿಗಿಯಾಗಿತ್ತು. ಫ್ರಾನ್ಸಿಸ್ ಸೆಸಿಲ್ ಸಮ್ನರ್ ಎಂಬ ನೀಗ್ರೋ ತರುಣನಿಗೆ, ಇಂದಿನ ಮಾತಿನಲ್ಲಿ ಆಫ್ರಿಕನ್ ಅಮೆರಿಕನ್ ತರುಣನಿಗೆ, ಹೈಸ್ಕೂಲಿನ ಕ್ರಮವಾದ ಓದೇ ದೊರೆತಿರಲಿಲ್ಲ; ತಾಯಿತಂದೆಯರ ಬಳಿ ಕಲಿತು, ಪ್ರವೇಶ ಪರೀಕ್ಷೆ ಕಟ್ಟಿ ಕಾಲೇಜು ಸೇರಿದವನು. ಮೇಲಿನ ಓದಿಗೆ ಹಾಕಿದ ಅರ್ಜಿಗಳು ತಿರಸ್ಕೃತವಾದವು. ಕ್ಲಾರ್ಕ್ ವಿಶ್ವವಿದ್ಯಾನಿಲಯದ ಸ್ಟ್ಯಾನ್ಲಿ ಹಾಲ್ ಎಡೆಗೊಟ್ಟರು. ನಡುವೆ ಮಹಾಯುದ್ಧ ಬಂದು ಸೈನ್ಯದೊಡನೆ ಫ್ರಾನ್ಸಿಗೆ ಹೋಗಬೇಕಾಯಿತು. ತಿರುಗಿ ಬಂದು ೧೯೨೦ರಲ್ಲಿ ಡಾಕ್ಟರೇಟ್ ಪಡೆದ. ಅಮೆರಿಕದಲ್ಲಿ ಮನಶ್ಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಆತನೇ. ಪ್ರವೇಶದ ಹೊಸ್ತಿಲಲ್ಲಿ ಒಮ್ಮೆ ಎಡವಿದವರು ಯೋಗ್ಯತೆಯಿಲ್ಲದೆ ಎಡವಿದರೆಂದು ತಿಳಿಯಬೇಡಿ ಎಂಬುದಕ್ಕೆ ಇವರಿಬ್ಬರು ಸಾಕು.

ಇನ್ನು ವಿದ್ಯೆಯ ಬೆಳವಣಿಗೆಗೆ ಬರೋಣ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸುಮಾರು ೧೭ ಲಕ್ಷ ಜನರಿಗೆ ಬುದ್ಧಿಪರೀಕ್ಷೆ ನಡೆಸಿತು. ಅಂದಿನಿಂದ ಮನಶ್ಶಾಸ್ತ್ರಜ್ಞನೆಂದರೆ ಪರೀಕ್ಷೆ ಕೊಡುವವನು ಎಂದಾಯಿತು. ಆಸ್ಪತ್ರೆಗಳಲ್ಲಿ ಚಿಕಿತ್ಸೆ ವೈದ್ಯರದು; ಅಂಕ ಹಾಕುವುದು ಮನಶ್ಶಾಸ್ತ್ರಜ್ಞರದು. ಅವರ ಶಿಕ್ಷಣಕ್ಕೂ ಒಂದು ಕ್ರಮವಿರಲಿಲ್ಲ. ಒಬ್ಬರು ಡಾಕ್ಟರೇಟ್ ಪಡೆದು ಬಂದವರು, ಇನ್ನೊಬ್ಬರು ಎಂ.ಎ. ಮಾಡಿದವರು, ಮತ್ತೊಬ್ಬರು ಕೆಲಸ ಮಾಡುತ್ತಲೇ ಕಲಿತವರು.

ಈ ಅವ್ಯವಸ್ಥೆಯನ್ನು ಹೋಗಲಾಡಿಸಿದುದು ಎರಡನೆಯ ಮಹಾಯುದ್ಧ. ಯುದ್ಧ ಮುಗಿದಾಗ ಕೈಕಾಲು ಕಳೆದುಕೊಂಡವರಿಗಿಂತ ಮನಸ್ಸು ಮುರಿದು ಬಂದವರು ಆಸ್ಪತ್ರೆಗಳಿಗೆ ದೊಡ್ಡ ಹೊರೆಯಾದರು. ನಿವೃತ್ತ ಯೋಧರ ಆಡಳಿತ ಎಂಬ ಸರ್ಕಾರಿ ಇಲಾಖೆಯ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಾಸಿಗೆಗಳಲ್ಲಿ ಇದ್ದವರು ಇಂಥವರೇ. ಮನೋವೈದ್ಯರ ಸಂಖ್ಯೆ ಅದಕ್ಕೆ ಏನೇನೂ ಸಾಲದು. ೧೯೪೬ರಲ್ಲಿ ಆ ಇಲಾಖೆ ೨೨ ವಿಶ್ವವಿದ್ಯಾನಿಲಯಗಳೊಡನೆ ಒಪ್ಪಂದ ಮಾಡಿಕೊಂಡು, ಸುಮಾರು ೨೦೦ ವಿದ್ಯಾರ್ಥಿಗಳಿಗೆ ವೇತನ ಕೊಟ್ಟು ತರಬೇತಿ ಆರಂಭಿಸಿತು. ಮನಶ್ಶಾಸ್ತ್ರಜ್ಞನಿಗೆ ಡಾಕ್ಟರೇಟ್ ಇರಬೇಕೆಂದೂ ಗೊತ್ತುಮಾಡಿತು. ಅದೇ ವರ್ಷ ಜುಲೈ ೩ರಂದು ಅಧ್ಯಕ್ಷ ಟ್ರೂಮನ್ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾಯಿದೆಗೆ ಸಹಿ ಹಾಕಿದರು. ಹಣ ಬಂದಿತು, ವಿದ್ಯಾರ್ಥಿಗಳು ಬಂದರು. ಆದರೆ ಏನನ್ನು ಕಲಿಸಬೇಕು? ಡೇವಿಡ್ ಶಾಕೋ ಎಂಬವರ ಅಧ್ಯಕ್ಷತೆಯ ಸಮಿತಿ ೧೯೪೭ರಲ್ಲಿ ಒಂದು ವರದಿ ಸಿದ್ಧಪಡಿಸಿತು. ಅದನ್ನು ಒಪ್ಪುವುದೋ ಬಿಡುವುದೋ ಎಂದು ನಿಶ್ಚಯಿಸಲು ಒಂದು ದೊಡ್ಡ ಸಭೆ ಸೇರಬೇಕಾಯಿತು.

ಆ ಸಭೆ ಸೇರಿದುದು ೧೯೪೯ರ ಆಗಸ್ಟ್ ತಿಂಗಳ ಕೊನೆಯಲ್ಲಿ, ಕೊಲರಾಡೋ ಸಂಸ್ಥಾನದ ಬೋಲ್ಡರ್ ಎಂಬ ಊರಿನಲ್ಲಿ, ರಾಕಿ ಪರ್ವತಗಳ ತಪ್ಪಲಿನಲ್ಲಿ. ಎಪ್ಪತ್ತಕ್ಕೂ ಹೆಚ್ಚು ಮಂದಿ ಎರಡು ವಾರ ಕುಳಿತು ಚರ್ಚಿಸಿದರು. ಪ್ರಶ್ನೆ ಇಷ್ಟೆ: ಮನಸ್ಸಿಗೆ ಚಿಕಿತ್ಸೆ ಮಾಡುವವನು ವೈದ್ಯನಂತೆ ಕೇವಲ ವೃತ್ತಿಪರನಾಗಿರಬೇಕೋ, ಪ್ರಯೋಗಶಾಲೆಯ ವಿಜ್ಞಾನಿಯಾಗಿಯೂ ಇರಬೇಕೋ? ಎರಡು ದೋಣಿಯ ಮೇಲೆ ಕಾಲಿಟ್ಟವನು ನಡುನೀರಿಗೆ ಬೀಳುತ್ತಾನೆ ಎಂಬ ಗಾದೆ ನಮ್ಮಲ್ಲಿದೆ. ಇದೇ ಸಂಶಯ ಅಲ್ಲಿಯೂ ಕೆಲವರಿಗೆ ಇತ್ತು. ಲಂಡನ್ನಿನ ಹಾನ್ಸ್ ಐಸೆಂಕ್ ಅದೇ ವರ್ಷ, ಮನಶ್ಶಾಸ್ತ್ರಜ್ಞ ಸಂಶೋಧನೆ ಮಾಡಲಿ, ಪರೀಕ್ಷೆ ಮಾಡಲಿ, ಚಿಕಿತ್ಸೆಯ ಗೊಡವೆ ಬೇಡ ಎಂದು ವಾದಿಸಿದ್ದರು.

ಬೋಲ್ಡರಿನ ಸಭೆ ಎರಡೂ ಬೇಕೆಂದು ತೀರ್ಮಾನಿಸಿತು. ಕಾರಣವನ್ನು ಮರೆಯಬಾರದು. ಮನಸ್ಸಿನ ಯಾವ ಚಿಕಿತ್ಸೆಯಿಂದ ಯಾರಿಗೆ ಎಷ್ಟು ಗುಣವಾಗುತ್ತದೆ ಎಂಬುದು ಆಗ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಗುಣ ಗೊತ್ತಿಲ್ಲದ ಮದ್ದನ್ನು ಕೊಡುವವನು ತಾನೇ ಅದರ ಪರೀಕ್ಷಕನೂ ಆಗದಿದ್ದರೆ, ನಂಬಿಕೆ ವಿಜ್ಞಾನದ ವೇಷ ಹಾಕಿಕೊಂಡು ಕುಳಿತುಬಿಡುತ್ತದೆ. ಆದುದರಿಂದ ಈ ವಿದ್ಯಾರ್ಥಿ ರೋಗಿಯ ಹಾಸಿಗೆಯ ಪಕ್ಕದಲ್ಲೂ ಕುಳಿತು ಕಲಿಯಬೇಕು, ತಾನು ಮಾಡುವುದು ನಿಜವೇ ಎಂದು ಸಂದೇಹಿಸುವುದನ್ನೂ ಕಲಿಯಬೇಕು. ಪ್ರಬಂಧ ಬರೆಯಬೇಕು; ಒಂದು ಪೂರ್ಣ ವರ್ಷ ಆಸ್ಪತ್ರೆಯಲ್ಲಿಯೋ ಚಿಕಿತ್ಸಾಲಯದಲ್ಲಿಯೋ ಹಿರಿಯರ ಕೈಕೆಳಗೆ ದುಡಿಯಬೇಕು. ಇದಕ್ಕೆ ವಿಜ್ಞಾನಿ-ಚಿಕಿತ್ಸಕ ಮಾದರಿ ಎಂದು ಹೆಸರಾಯಿತು. ಊರಿನ ಹೆಸರಿನಿಂದ ಬೋಲ್ಡರ್ ಮಾದರಿ ಎಂದೂ ಕರೆಯುತ್ತಾರೆ.

ಈಗ ಮತ್ತೆ ಆ ಅರ್ಜಿಯನ್ನು ಕೈಗೆತ್ತಿಕೊಳ್ಳಿ. "ಯಾವ ಸಂಶೋಧನೆ ಮಾಡಿದ್ದೀರಿ?" ಎಂದು ಕೇಳುವುದು ಬೋಲ್ಡರಿನ ಧ್ವನಿ. "ಹಿರಿಯರ ಕಣ್ಗಾವಲಿನಲ್ಲಿ ಏನು ಅನುಭವ?" ಎಂದು ಕೇಳುವುದೂ ಅದೇ ಧ್ವನಿ. ನೊಂದವರಿಗೆ ನೆರವಾಗುವ ಆಸೆಯೊಂದನ್ನೇ ಬರೆದು ಕಳುಹಿಸಿದ ಅರ್ಜಿ, ಎಷ್ಟೇ ಪ್ರಾಮಾಣಿಕವಾಗಿದ್ದರೂ, ಅರ್ಧ ಉತ್ತರ. ಆಸೆಯನ್ನು ಅಲ್ಲಿ ಯಾರೂ ಹೀಗಳೆಯುವುದಿಲ್ಲ. ಅದು ಎಲ್ಲ ಅರ್ಜಿಗಳಲ್ಲಿಯೂ ಇರುವುದರಿಂದ ಅದರಿಂದಲೇ ಯಾರನ್ನೂ ಆರಿಸಲಾಗುವುದಿಲ್ಲ, ಅಷ್ಟೆ. ಯಾವ ಪ್ರಶ್ನೆ ನಿಮ್ಮನ್ನು ಕಾಡುತ್ತಿದೆ, ಅದಕ್ಕೆ ಉತ್ತರ ಹುಡುಕಲು ನೀವು ಇದುವರೆಗೆ ಏನು ಮಾಡಿದ್ದೀರಿ, ಎಲ್ಲಿ ತಪ್ಪಿದಿರಿ, ಏನು ಕಲಿತಿರಿ: ಇದನ್ನು ಸರಳವಾಗಿ ಬರೆದವರ ಕಾಗದವನ್ನು ಓದುವವರು ಎರಡನೆಯ ಸಲ ಕೈಗೆತ್ತಿಕೊಳ್ಳುತ್ತಾರೆ.

ಗುರುವಿನ ಹೆಸರು ಕೇಳುವುದಕ್ಕೂ ಕಾರಣವಿದೆ. ಅಲ್ಲಿನ ಅನೇಕ ವಿಭಾಗಗಳಲ್ಲಿ ವಿದ್ಯಾರ್ಥಿಯನ್ನು ಆರಿಸುವುದು ಒಟ್ಟು ವಿಭಾಗವಲ್ಲ; ತಮ್ಮ ಸಂಶೋಧನಾ ತಂಡಕ್ಕೆ ಸೇರಿಸಿಕೊಳ್ಳುವ ಪ್ರಾಧ್ಯಾಪಕರೇ. ಒಂದು ವರ್ಷ ಅವರು ಹೊಸಬರನ್ನು ತೆಗೆದುಕೊಳ್ಳದಿದ್ದರೆ ಎಂಥ ಅರ್ಜಿಯೂ ವ್ಯರ್ಥ. ಆದುದರಿಂದ ಮೊದಲೇ ವಿಚಾರಿಸಿ ಬರೆಯುವುದು ಸಂಕೋಚದ ಮಾತಲ್ಲ, ಪದ್ಧತಿ. ಗುರುವನ್ನು ಆರಿಸುವುದೆಂದರೆ ಅವರ ಎಲ್ಲ ಅಭಿಪ್ರಾಯಗಳನ್ನು ಒಪ್ಪುವುದೆಂದಲ್ಲ. ಮೇಮಿ ಫಿಪ್ಸ್ ಕ್ಲಾರ್ಕ್ ಎಂಬ ಆಫ್ರಿಕನ್ ಅಮೆರಿಕನ್ ಮಹಿಳೆ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಹೆನ್ರಿ ಗ್ಯಾರೆಟ್ ಎಂಬ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ೧೯೪೩ರಲ್ಲಿ ಡಾಕ್ಟರೇಟ್ ಪಡೆದರು. ಆತ ಬಣ್ಣಭೇದವನ್ನು ಬೆಂಬಲಿಸಿದವರು. ಮುಂದೆ ಶಾಲೆಗಳಲ್ಲಿ ಬಿಳಿಯ ಮತ್ತು ಕಪ್ಪು ಮಕ್ಕಳನ್ನು ಬೇರೆಬೇರೆಯಾಗಿಡುವ ಮೊಕದ್ದಮೆಯಲ್ಲಿ ಗುರು ಆ ಪದ್ಧತಿಯ ಪರವಾಗಿ ಸಾಕ್ಷಿ ಹೇಳಿದರು. ಶಿಷ್ಯೆ ಅದಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳಿದರು. ೧೯೫೪ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಪದ್ಧತಿಯನ್ನು ತೊಡೆದುಹಾಕಿತು. ಗುರುವಿನಿಂದ ಕಲಿತ ಅಳತೆಯ ವಿದ್ಯೆ ಶಿಷ್ಯೆಯ ಕೈಯಲ್ಲಿ ನ್ಯಾಯದ ಕಡೆಗೆ ನಿಂತಿತು.

ಬೋಲ್ಡರಿನ ತೀರ್ಮಾನದಿಂದ ಎಲ್ಲರಿಗೂ ತೃಪ್ತಿಯಾಯಿತೆಂದು ಹೇಳಲಾಗದು. ಪದವಿ ಪಡೆದ ಮೇಲೆ ಬಹುಮಂದಿ ರೋಗಿಗಳನ್ನು ನೋಡುತ್ತ ಉಳಿದರೇ ಹೊರತು ಸಂಶೋಧನೆಗೆ ಕೈಹಾಕಲಿಲ್ಲ. ಹಾಗಿದ್ದ ಮೇಲೆ ಇಷ್ಟು ಶ್ರಮವೇಕೆ ಎಂಬ ಕೂಗು ಎದ್ದಿತು. ೧೯೬೮ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯ ಸೈ.ಡಿ. ಎಂಬ ಹೊಸ ಡಾಕ್ಟರೇಟನ್ನು ಆರಂಭಿಸಿತು. ಇದರ ಒತ್ತು ಚಿಕಿತ್ಸೆಯ ಮೇಲೆ. ೧೯೭೩ರಲ್ಲಿ, ಕೊಲರಾಡೋದಲ್ಲಿಯೇ ವೇಲ್ ಎಂಬ ಊರಿನಲ್ಲಿ ಸೇರಿದ ಮತ್ತೊಂದು ಸಭೆ ಈ ದಾರಿಗೂ ಮನ್ನಣೆ ಕೊಟ್ಟಿತು. ಇಂದು ಎರಡು ದಾರಿಗಳೂ ಇವೆ. ತಂದೆತಾಯಿಗಳು ಇಲ್ಲಿ ಒಂದು ವ್ಯತ್ಯಾಸವನ್ನು ನೋಡಿಕೊಳ್ಳಬೇಕು. ಪಿಎಚ್.ಡಿ. ವಿದ್ಯಾರ್ಥಿಗೆ ಸಾಮಾನ್ಯವಾಗಿ ಶುಲ್ಕದ ವಿನಾಯಿತಿಯೂ ವೇತನವೂ ದೊರೆಯುತ್ತವೆ. ಅದಕ್ಕಾಗಿಯೇ ಸ್ಥಾನಗಳು ಕೆಲವೇ, ಸ್ಪರ್ಧೆ ಹೆಚ್ಚು. ಸೈ.ಡಿ. ವಿದ್ಯಾರ್ಥಿ ಬಹುಪಾಲು ತಾನೇ ಹಣ ತೆರಬೇಕಾಗುತ್ತದೆ, ಸಾಲ ದೊಡ್ಡದಾಗಬಹುದು. ಅಮೆರಿಕನ್ ಮನಶ್ಶಾಸ್ತ್ರ ಸಂಘದ ಮಾನ್ಯತೆ ಪಡೆದ ಪ್ರತಿಯೊಂದು ವಿಭಾಗವೂ, ಎಷ್ಟು ಜನ ಸೇರಿದರು, ಎಷ್ಟು ವರ್ಷಕ್ಕೆ ಮುಗಿಸಿದರು, ಎಷ್ಟು ಖರ್ಚು, ಎಷ್ಟು ಜನ ನಡುವೆ ಬಿಟ್ಟರು ಎಂಬ ಲೆಕ್ಕವನ್ನು ಬಹಿರಂಗವಾಗಿ ಪ್ರಕಟಿಸಬೇಕೆಂದು ನಿಯಮವಿದೆ. ಹೆಣ್ಣು ನೋಡುವಾಗ ಗಂಡಿನ ಮನೆಯವರು ಎಷ್ಟು ವಿಚಾರಿಸುತ್ತಾರೋ ಅಷ್ಟನ್ನಾದರೂ ನಾವು ಇಲ್ಲಿ ವಿಚಾರಿಸುವುದು ತಪ್ಪಲ್ಲ.

ಕಾಲದ ಲೆಕ್ಕವೂ ಗೊತ್ತಿರಲಿ. ಅರ್ಜಿಗಳು ಬಹುಮಟ್ಟಿಗೆ ಡಿಸೆಂಬರ್ ಹೊತ್ತಿಗೆ ತಲುಪಬೇಕು. ಸಂದರ್ಶನಗಳು ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ. ಸಹಾಯಧನದೊಡನೆ ಸ್ಥಾನ ಕೊಟ್ಟ ವಿಶ್ವವಿದ್ಯಾನಿಲಯಕ್ಕೆ ಏಪ್ರಿಲ್ ೧೫ಕ್ಕೆ ಮುಂಚೆ ಉತ್ತರ ಕೊಡಲೇಬೇಕೆಂಬ ಬಲವಂತ ಇರಕೂಡದೆಂದು ಅಲ್ಲಿನ ಬಹುಪಾಲು ವಿದ್ಯಾಲಯಗಳು ಒಪ್ಪಂದ ಮಾಡಿಕೊಂಡಿವೆ. ಆತುರದಲ್ಲಿ ಒಪ್ಪಿ ಆಮೇಲೆ ಕೊರಗಬೇಕಾಗಿಲ್ಲ. ಮೂರು ಶಿಫಾರಸು ಪತ್ರಗಳನ್ನು ಕೊನೆಯ ವಾರದಲ್ಲಿ ಬೇಡಬಾರದು. ಎರಡು ತಿಂಗಳು ಮೊದಲೇ ಕೇಳಬೇಕು. ದೊಡ್ಡ ಹುದ್ದೆಯಲ್ಲಿದ್ದು ಹುಡುಗಿಯ ಮುಖವನ್ನೇ ನೆನಪಿಟ್ಟುಕೊಳ್ಳದವರ ಪತ್ರಕ್ಕಿಂತ, ಅವಳ ಕೆಲಸವನ್ನು ದಿನದಿನವೂ ನೋಡಿದವರ ಪತ್ರ ಮೇಲು.

ಇದೆಲ್ಲ ದೂರದೇಶದ ಕಥೆಯಾಯಿತು, ನಮಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ನಿಮ್ಮ ಮನೆಯ ರೇಡಿಯೋ ಪೆಟ್ಟಿಗೆಯೇ ಸಂಬಂಧ ಹೇಳುತ್ತದೆ. ಲಂಡನ್ನಿಗೆ ಹೋಗಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ೧೯೩೫ರ ಸೆಪ್ಟೆಂಬರಿನಲ್ಲಿ, ತಮ್ಮ ಮನೆಯಲ್ಲಿಯೇ ೩೦ ವ್ಯಾಟಿನ ಪುಟ್ಟ ಯಂತ್ರವನ್ನಿಟ್ಟು, ಆಕಾಶವಾಣಿ ಎಂಬ ಹೆಸರಿನಲ್ಲಿ ಬಾನುಲಿಯನ್ನು ಆರಂಭಿಸಿದವರೂ ಅವರೇ. ಮುಂದೆ ಇಡೀ ದೇಶದ ರೇಡಿಯೋ ಆ ಹೆಸರನ್ನು ಪಡೆಯಿತು. ಮನುಷ್ಯನ ಮನಸ್ಸನ್ನು ಅಭ್ಯಾಸ ಮಾಡಿದವರು ಮನೆಮನೆಗೆ ಮಾತು ಮುಟ್ಟಿಸಲು ಹೊರಟದ್ದು ಆಶ್ಚರ್ಯವೇನಲ್ಲ.

ಹೆಸರಿನ ಹೋಲಿಕೆಯಿಂದ ಅನೇಕರು ಇವರೊಡನೆ ಬೆರೆಸಿಬಿಡುವ ಇನ್ನೊಬ್ಬ ಹಿರಿಯರು ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿ. ಅವರು ಮನೋವೈದ್ಯರು. ಬೆಂಗಳೂರಿನಲ್ಲಿ ೧೯೫೪ರ ಕೊನೆಯಲ್ಲಿ ಉದ್ಘಾಟನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರು. ಮಾರನೆಯ ವರ್ಷವೇ ಆ ಸಂಸ್ಥೆಯಲ್ಲಿ, ವೈದ್ಯರಿಗಾಗಿ ಒಂದು, ಮನಶ್ಶಾಸ್ತ್ರ ಓದಿದವರಿಗಾಗಿ ಒಂದು, ಹೀಗೆ ಎರಡು ಡಿಪ್ಲೊಮಾ ತರಗತಿಗಳು ಆರಂಭವಾದವು. ಬೋಲ್ಡರಿನ ಸಭೆ ಸೇರಿ ಆಗಿನ್ನೂ ಆರು ವರ್ಷ. ಭಾರತದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರದ ಕ್ರಮವಾದ ತರಬೇತಿಗೆ ನಾಂದಿ ಹಾಡಿದ ಊರು ಬೆಂಗಳೂರು. ಬಹುಶಾಸ್ತ್ರ ಪಂಡಿತರಾದ ಎಸ್. ಕೆ. ರಾಮಚಂದ್ರರಾಯರು ಅಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ೧೯೭೪ರಲ್ಲಿ ಆ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಡಿಪ್ಲೊಮಾ ಮುಂದೆ ಎಂ.ಫಿಲ್. ಆಯಿತು.

ನಮ್ಮ ದೇಶದ ಕಾನೂನು ಒಂದು ವಿಷಯದಲ್ಲಿ ಅಮೆರಿಕದಿಂದ ಬೇರೆಯಾಗಿದೆ. ಇಲ್ಲಿ ಡಾಕ್ಟರೇಟ್ ಒಂದರಿಂದಲೇ ಯಾರೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗುವುದಿಲ್ಲ. ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಕೇಳುವುದು, ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿಯನ್ನು. ಎರಡು ವರ್ಷದ ಪೂರ್ಣಾವಧಿಯ ಎಂ.ಫಿಲ್. ಅನ್ನು, ಅದರಲ್ಲಿ ಹಿರಿಯರ ಮೇಲ್ವಿಚಾರಣೆಯ ಚಿಕಿತ್ಸಾನುಭವವನ್ನು ಅದು ಹೆಸರಿಸಿ ಹೇಳುತ್ತದೆ. ಈಚೆಗೆ ೨೦೨೨ರ ನಿಯಮಗಳಿಂದ ಎಂ.ಫಿಲ್. ಪದವಿಯೇ ತೆರೆಮರೆಗೆ ಸರಿಯುತ್ತಿರುವುದರಿಂದ, ಇಲ್ಲಿಯೇ ಓದುವವರು ಆಯಾ ವರ್ಷದ ನಿಯಮವನ್ನು ಪರಿಷತ್ತಿನ ಪ್ರಕಟಣೆಯಲ್ಲಿಯೇ ನೋಡಿಕೊಳ್ಳುವುದು ಕ್ಷೇಮ. ಹೊರಗೆ ಓದಿ ಮರಳಿ ಬಂದು ಇಲ್ಲಿ ಕೆಲಸ ಮಾಡಬೇಕೆಂದಿರುವವರು, ಹೋಗುವ ಮೊದಲೇ ತಮ್ಮ ಪದವಿಗೆ ಇಲ್ಲಿ ಮನ್ನಣೆ ಹೇಗೆ ಎಂದು ವಿಚಾರಿಸಿಕೊಳ್ಳಬೇಕು. ಪದವಿಯ ಹೆಸರು ಅಲ್ಲಿ ಒಂದು, ಇಲ್ಲಿ ಒಂದು. ಆದರೆ ಮೇಲ್ವಿಚಾರಣೆಯಿಲ್ಲದೆ ಕಲಿತ ಕೈಗೆ ರೋಗಿಯನ್ನು ಒಪ್ಪಿಸಬಾರದೆಂಬ ತತ್ತ್ವ ಎರಡು ಕಡೆಯೂ ಒಂದೇ.

ಈಗ ಆ ಹುಡುಗಿಯ ಪ್ರಶ್ನೆಗೆ ನೀವು ಉತ್ತರ ಹೇಳಬಲ್ಲಿರಿ. ನೆರವಾಗುವ ಆಸೆಗೆ ಇಷ್ಟೆಲ್ಲ ಏಕೆಂದರೆ, ಆಸೆ ತಪ್ಪಿದಾಗ ನೋವು ತಿನ್ನುವವರು ಅರ್ಜಿ ಹಾಕಿದವರಲ್ಲ, ಎದುರಿಗೆ ಕುಳಿತ ರೋಗಿ. ಆ ರೋಗಿಗಾಗಿ ಈ ಪ್ರಶ್ನೆಗಳನ್ನು ಕೇಳುತ್ತಾರೆ. ಒಂದು ವರ್ಷ ಎಲ್ಲ ಕಡೆಯಿಂದಲೂ ಇಲ್ಲವೆಂಬ ಉತ್ತರವೇ ಬಂದೀತು. ಅದು ಅನೇಕರಿಗೆ ಬಂದಿದೆ. ಆಗ ಒಂದು ಸಂಶೋಧನೆಯಲ್ಲಿ ಕೈಜೋಡಿಸಿ, ಒಂದು ಚಿಕಿತ್ಸಾಲಯದಲ್ಲಿ ದುಡಿದು, ಮರುವರ್ಷ ಮತ್ತೆ ಬರೆಯಲಿ. ಸಮ್ನರ್ ಬರೆದರು. ಕಾಲ್ಕಿನ್ಸ್ ಅವರಿಗೆ ಪದವಿ ಬಾರದಿದ್ದರೂ ವಿದ್ಯೆ ನಿಲ್ಲಲಿಲ್ಲ.

ಇಷ್ಟು ಹೇಳಿ, ದೀಪವನ್ನು ಆರಿಸಬೇಡಿ. ಅವಳು ಇನ್ನೂ ಸ್ವಲ್ಪ ಹೊತ್ತು ಬರೆಯುವುದಿದೆ.